ಜಾಲವಿಲ್ಲದ ಮಲೆಯಲ್ಲೂ ಗಿಟ್: ತಂತ್ರಾಂಶ ತಂಡಗಳ ಸಲಕರಣೆಗಳ ಪರಿಚಯ

ಮಲೆ ಮಹದೇಶ್ವರನ ಕಥೆಯನ್ನು ಒಬ್ಬರೇ ಹಾಡುವುದಿಲ್ಲ. ಮುಂದಾಳು ದೇವರಗುಡ್ಡ ಕಥೆಯನ್ನು ನಡೆಸಿಕೊಂಡು ಹೋಗುತ್ತಾನೆ. ಜೊತೆಯವರು ಕಂಸಾಳೆಯ ಪೆಟ್ಟಿಗೆ ದನಿಗೂಡಿಸುತ್ತಾರೆ, ಅವನು ತಡೆದ ಕಡೆ ಎತ್ತಿಕೊಡುತ್ತಾರೆ. ಇಡೀ ಮಹಾಕಾವ್ಯವನ್ನು ಒಂದೇ ರಾತ್ರಿಯಲ್ಲಿ ಹಾಡಿ ಮುಗಿಸಲಾಗದು. ಆದ್ದರಿಂದಲೇ ಅದು ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು ಸಾಲುಗಳಾಗಿ ಹಂಚಿಕೊಂಡಿದೆ. ಒಂದು ಮೇಳದ ಪಾಠ ಇನ್ನೊಂದು ಮೇಳದ ಪಾಠದಂತೆ ಇರುವುದಿಲ್ಲ. ಪಿ.ಕೆ. ರಾಜಶೇಖರ, ಕೇಶವನ್ ಪ್ರಸಾದ್ ಮೊದಲಾದ ವಿದ್ವಾಂಸರು ಗಾಯಕರ ಬಾಯಿಂದ ಸಂಗ್ರಹಿಸಿ ಅಚ್ಚು ಮಾಡಿಸಿದ ಪಾಠಗಳನ್ನು ಎದುರುಬದುರು ಇಟ್ಟು ನೋಡಿದವರಿಗೆ ಇದು ತಿಳಿದ ಸಂಗತಿ. ಯಾವ ತಿರುವನ್ನು ಯಾರು, ಎಂದು, ಏಕೆ ಸೇರಿಸಿದರು ಎಂಬುದಕ್ಕೆ ಮಾತ್ರ ದಾಖಲೆಯಿಲ್ಲ. ಕಾವ್ಯಕ್ಕೆ ಅದರಿಂದ ನಷ್ಟವೇನೂ ಆಗಿಲ್ಲ. ತಂತ್ರಾಂಶಕ್ಕಾದರೆ ಆಗುತ್ತದೆ.

ಹತ್ತು ಮಂದಿ ಸೇರಿ ಬರೆಯುವ ತಂತ್ರಾಂಶದಲ್ಲಿ ನಿನ್ನೆ ಸರಿಯಾಗಿದ್ದ ಲೆಕ್ಕ ಇಂದು ತಪ್ಪಿದರೆ, ನಡುವೆ ಯಾರು ಯಾವ ಸಾಲನ್ನು ಮುಟ್ಟಿದರು ಎಂಬುದು ತಿಳಿಯಲೇಬೇಕು. ಆ ನೆನಪನ್ನು ಕಾಯುವ ಸಲಕರಣೆಗಳ ಪರಿಚಯ ಈ ಲೇಖನದ ಉದ್ದೇಶ. ಬೆಂಗಳೂರಿನ ಕಚೇರಿಗಳಲ್ಲಿ ಇವು ದಿನನಿತ್ಯದ ಮಾತು. ಅಲ್ಲಿಂದ ಸುಮಾರು 210 ಕಿಲೋಮೀಟರ್ ದೂರದ ಮಹದೇಶ್ವರ ಬೆಟ್ಟದ ಸುತ್ತಣ ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯ ವಿದ್ಯಾರ್ಥಿಗೆ ಇವು ಎದುರಾಗುವುದು ಬಹಳ ಸಲ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ. ಅದು ತಡವಾದ ಭೇಟಿ. ಆ ವೇಳೆಗೆ ಪಕ್ಕದ ಮೇಜಿನವರಿಗೆಲ್ಲ ಇದು ಗೊತ್ತಿರುತ್ತದೆ, ಕೇಳಲು ಸಂಕೋಚ.

ಒಂಟಿ ಕಲಿಕೆಯ ತೊಡಕು

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಒಂಟಿಯಾಗಿ ಕಲಿಯುವ ವಿದ್ಯೆ. ಪ್ರಯೋಗಾಲಯದಲ್ಲಿ ಒಬ್ಬನಿಗೆ ಒಂದು ಯಂತ್ರ, ಒಂದು ರೆಕಾರ್ಡ್ ಪುಸ್ತಕ, ಪರೀಕ್ಷೆಯ ದಿನ ಒಂದು ಚೀಟಿ, ಅದರಲ್ಲಿ ಒಂದು ಪ್ರಶ್ನೆ. ಕೊನೆಯ ವರ್ಷ ನಾಲ್ವರು ಸೇರಿ ಮಾಡಬೇಕಾದ ಪ್ರಾಜೆಕ್ಟನ್ನು ಒಬ್ಬ ಬರೆಯುತ್ತಾನೆ, ಮೂವರು ಹೆಸರು ಹಾಕಿಸಿಕೊಳ್ಳುತ್ತಾರೆ. ಅದೂ ಆಗದಿದ್ದರೆ ಸಿದ್ಧ ಪ್ರಾಜೆಕ್ಟನ್ನು ಹಣ ಕೊಟ್ಟು ತರುವ ದಾರಿ ಎಲ್ಲರಿಗೂ ಗೊತ್ತು. ಬರೆದವನ ಪೆನ್‌ಡ್ರೈವ್ ತೆರೆದು ನೋಡಿದರೆ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಕಡತಕೋಶಗಳ ಸಾಲು. ಯಾವುದರಲ್ಲಿ ಏನು ಬದಲಾಗಿದೆ ಎಂಬುದು ಒಂದು ತಿಂಗಳ ನಂತರ ಅವನಿಗೇ ತಿಳಿಯದು.

ನಗಬೇಕಾಗಿಲ್ಲ. ಹೀಗೆ ನಕಲು ತೆಗೆದಿಡುವ ಬುದ್ಧಿ ಸರಿಯಾದದ್ದೇ. ಹಳೆಯದನ್ನು ಕಳೆದುಕೊಳ್ಳಬಾರದು ಎಂಬ ಎಚ್ಚರ ಅವನಲ್ಲಿ ಇದೆ. ಆ ಎಚ್ಚರವನ್ನು ಕ್ರಮಬದ್ಧವಾಗಿ ನಡೆಸುವ ಸಲಕರಣೆ ಅವನ ಕೈಗೆ ಬಂದಿಲ್ಲ, ಅಷ್ಟೇ. ಆ ಸಲಕರಣೆಗೆ ಇಂಗ್ಲಿಷಿನಲ್ಲಿ ‘ವರ್ಷನ್ ಕಂಟ್ರೋಲ್’ ಎನ್ನುತ್ತಾರೆ. ಕನ್ನಡದಲ್ಲಿ ಆವೃತ್ತಿ ನಿಯಂತ್ರಣ ಎನ್ನಬಹುದು.

ಬೆಲ್ ಲ್ಯಾಬ್ಸ್‌ನಿಂದ ಟೊರ್ವಾಲ್ಡ್ಸ್‌ವರೆಗೆ

ಇದರ ಚರಿತ್ರೆ ಅರ್ಧ ಶತಮಾನ ದಾಟಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1972ರಲ್ಲಿ ಮಾರ್ಕ್ ರಾಚ್‌ಕೈಂಡ್ ರಚಿಸಿದ ಎಸ್‌ಸಿಸಿಎಸ್ ಈ ಬಗೆಯ ಮೊದಲ ಸಲಕರಣೆಗಳಲ್ಲೊಂದು. 1980ರ ದಶಕದಲ್ಲಿ ಆರ್‌ಸಿಎಸ್, ಸಿವಿಎಸ್ ಬಂದವು. 2000ದಲ್ಲಿ ಸಬ್‌ವರ್ಷನ್ ಕೆಲಸ ಆರಂಭವಾಯಿತು. ಸಿವಿಎಸ್ ಮತ್ತು ಸಬ್‌ವರ್ಷನ್ ಎರಡರ ರೀತಿಯೂ ಒಂದೇ: ಇತಿಹಾಸವೆಲ್ಲ ಒಂದು ಕೇಂದ್ರ ಸರ್ವರ್‌ನಲ್ಲಿ, ಕೆಲಸಗಾರರ ಯಂತ್ರದಲ್ಲಿ ಸದ್ಯದ ಪ್ರತಿ ಮಾತ್ರ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಂತೆ. ಪಹಣಿಯ ಹಳೆಯ ನಮೂದು ಬೇಕಾದರೆ ಅಲ್ಲಿಗೇ ಹೋಗಬೇಕು, ಅಲ್ಲಿ ಬಾಗಿಲು ತೆರೆದಿರಬೇಕು.

ಈ ರೀತಿ ಬದಲಾದದ್ದು ಒಂದು ಜಗಳದಿಂದ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆಯುವವರು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಲಕರಣೆಯನ್ನು ಉಚಿತ ಪರವಾನಗಿಯಡಿ ಬಳಸುತ್ತಿದ್ದರು. ಅದರ ಒಳಗುಟ್ಟನ್ನು ಒಬ್ಬ ತಂತ್ರಜ್ಞ ಹೊರಗಿನಿಂದ ಶೋಧಿಸಲು ಹೊರಟದ್ದರಿಂದ ವಿವಾದವೆದ್ದು, 2005ರಲ್ಲಿ ಉಚಿತ ಪರವಾನಗಿ ರದ್ದಾಯಿತು. ಲಿನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್ ಆರಂಭದಲ್ಲಿ ತಾವೇ ಒಂದನ್ನು ಬರೆಯಲು ಕುಳಿತರು. ಕೆಲವೇ ದಿನಗಳಲ್ಲಿ ಅದು ತನ್ನ ಸಂಕೇತವನ್ನು ತಾನೇ ಕಾಯ್ದುಕೊಳ್ಳುವ ಮಟ್ಟಕ್ಕೆ ಬಂತು. ಅದೇ ಗಿಟ್. ಜುಲೈ ವೇಳೆಗೆ ಅದರ ಉಸ್ತುವಾರಿಯನ್ನು ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿ ಟೊರ್ವಾಲ್ಡ್ಸ್ ಲಿನಕ್ಸ್‌ಗೆ ಮರಳಿದರು.

ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಸಂದರ್ಶನಕ್ಕೆ ಹೋಗುವವರೂ ಇದರಲ್ಲಿ ಎಡವುತ್ತಾರೆ. ಗಿಟ್ ನಿಮ್ಮ ಯಂತ್ರದಲ್ಲಿ ಇರುವ ಉಚಿತ ತಂತ್ರಾಂಶ. ಗಿಟ್‌ಹಬ್ 2008ರಲ್ಲಿ ಆರಂಭವಾಗಿ 2018ರಲ್ಲಿ ಮೈಕ್ರೋಸಾಫ್ಟ್ ಕೈಸೇರಿದ, ಗಿಟ್ ಭಂಡಾರಗಳಿಗೆ ಜಾಗ ಕೊಡುವ ಒಂದು ತಾಣ. ಗಿಟ್‌ಹಬ್ ಮುಚ್ಚಿದರೂ ಗಿಟ್ ಇರುತ್ತದೆ, ನಿಮ್ಮ ಕೆಲಸವೂ ಇರುತ್ತದೆ.

ಜಾಲ ಸಿಗದ ಕಡೆ

ಗಿಟ್‌ನ ವಿಶೇಷ ಅದರ ವಿಕೇಂದ್ರೀಕರಣದಲ್ಲಿದೆ. ಒಂದು ಭಂಡಾರವನ್ನು ‘ಕ್ಲೋನ್’ ಮಾಡಿಕೊಂಡರೆ ಸದ್ಯದ ಪ್ರತಿಯ ಜೊತೆಗೆ ಮೊದಲ ದಿನದಿಂದ ಈವರೆಗಿನ ಸಮಸ್ತ ಇತಿಹಾಸವೂ ನಿಮ್ಮ ಯಂತ್ರಕ್ಕೆ ಬರುತ್ತದೆ. ಆ ಮೇಲೆ ಬದಲಾವಣೆಯನ್ನು ದಾಖಲಿಸುವ ‘ಕಮಿಟ್’, ಹಳೆಯದನ್ನು ಹುಡುಕುವ ‘ಲಾಗ್’, ವ್ಯತ್ಯಾಸ ತೋರಿಸುವ ‘ಡಿಫ್’, ಬೇರೆ ದಾರಿಯಲ್ಲಿ ಪ್ರಯೋಗ ಮಾಡುವ ‘ಬ್ರಾಂಚ್’ ಯಾವುದಕ್ಕೂ ಅಂತರ್ಜಾಲ ಬೇಡ. ಇತರರೊಂದಿಗೆ ಹಂಚಿಕೊಳ್ಳುವ ‘ಪುಶ್’, ‘ಪುಲ್’ ಹೊತ್ತಿಗೆ ಮಾತ್ರ ಸಂಪರ್ಕ ಬೇಕು.

ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಇದು ದೊಡ್ಡ ವಿಷಯವಾಗಿ ತೋರದು. ಹನೂರು ತಾಲ್ಲೂಕಿನಲ್ಲಿ ಇದರ ಬೆಲೆ ಬೇರೆ. 2013ರಲ್ಲಿ ವನ್ಯಜೀವಿಧಾಮವಾದ ಈ ಮಲೆಯ ಒಳಗಿನ ಹಳ್ಳಿಗಳಿಗೆ ರಸ್ತೆ, ವಿದ್ಯುತ್ತುಗಳೇ ದಶಕಗಳ ಬೇಡಿಕೆ. 2024ರ ಏಪ್ರಿಲ್‌ನಲ್ಲಿ ಇಂಡಿಗನತ್ತದಲ್ಲಿ ಮೂಲಸೌಕರ್ಯದ ಕೊರತೆಯ ಸಿಟ್ಟು ಮತಗಟ್ಟೆಯ ಧ್ವಂಸದವರೆಗೆ ಹೋಗಿ ಮರುಮತದಾನ ನಡೆದದ್ದನ್ನು ಓದುಗರು ಮರೆತಿರಲಾರರು. ಅಂಥ ಊರಿನಿಂದ ಬಂದು ಕೊಳ್ಳೇಗಾಲದ ವಿದ್ಯಾರ್ಥಿನಿಲಯದಲ್ಲಿ ಓದುವ ಹುಡುಗನೋ ಹುಡುಗಿಯೋ ರಜೆಗೆ ಮನೆಗೆ ಹೋದಾಗ ಕೆಲಸ ನಿಲ್ಲಬಾರದೆಂದರೆ, ಕೇಂದ್ರ ಸರ್ವರನ್ನೇ ನಂಬಿದ ಸಲಕರಣೆ ಪ್ರಯೋಜನಕ್ಕೆ ಬಾರದು. ಗಿಟ್ ಬರುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ಹತ್ತು ಕಮಿಟ್ ಮಾಡಿ, ಜಾಲ ಸಿಕ್ಕ ಕಡೆ ಒಮ್ಮೆಗೇ ಪುಶ್ ಮಾಡಬಹುದು.

ಜಾಲವೇ ಸಿಗದಿದ್ದರೂ ದಾರಿಯುಂಟು. ‘ಗಿಟ್ ಬಂಡಲ್’ ಎಂಬ ಆಜ್ಞೆ ಇಡೀ ಭಂಡಾರವನ್ನೋ, ಕಳೆದ ಸಲದ ನಂತರದ ಬದಲಾವಣೆಗಳನ್ನು ಮಾತ್ರವೋ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಬಸ್ಸಿನಲ್ಲಿ ಕಳುಹಿಸಿದರೆ, ತಲುಪಿದ ಕಡೆ ಅದರಿಂದಲೇ ಪುಲ್ ಮಾಡಿಕೊಳ್ಳಬಹುದು. ಅದೇ ಪೆನ್‌ಡ್ರೈವ್; ಆದರೆ ‘ಇದೇ ಫೈನಲ್’ ಎಂಬ ಊಹೆಯ ಜಾಗದಲ್ಲಿ ಪ್ರತಿ ಬದಲಾವಣೆಗೂ ಹೆಸರು, ದಿನಾಂಕ, ಕಾರಣ ಇರುತ್ತವೆ. ಪ್ರತಿ ಕಮಿಟ್‌ಗೆ ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ, ಸಾಮಾನ್ಯವಾಗಿ 40 ಅಕ್ಷರಾಂಕಗಳ ಗುರುತು ಇರುವುದರಿಂದ ದಾರಿಯಲ್ಲಿ ಒಂದಕ್ಷರ ಕೆಟ್ಟರೂ ಅದು ತಿಳಿದುಬಿಡುತ್ತದೆ.

ಮೊದಲು ಸ್ಥಳದಲ್ಲಿ ದಾಖಲು, ಬಳಿಕ ಜೋಡಣೆ ಎಂಬ ಈ ಕ್ರಮ ಈ ಸೀಮೆಗೆ ಹೊಸದೂ ಅಲ್ಲ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆ 2010ರಲ್ಲಿ ತಂದ ಎಂ-ಸ್ಟ್ರೈಪ್ಸ್ ವ್ಯವಸ್ಥೆಯ ಮೊಬೈಲ್ ತಂತ್ರಾಂಶವನ್ನು 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ ಬಳಸಲಾಯಿತು. ಜಾಲವಿಲ್ಲದ ಕಾಡಿನಲ್ಲಿ ನಡೆದ ದಾರಿ, ಕಂಡ ಹೆಜ್ಜೆ ಗುರುತುಗಳನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು ಕಚೇರಿಗೆ ಬಂದ ಮೇಲೆ ಗಣಕಯಂತ್ರಕ್ಕೆ ಸೇರಿಸುವ ಕ್ರಮ ಅದು. ಯಳಂದೂರಿನ ಮಗ್ಗುಲಿಗೇ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶವಿದೆ.

ಜಾತ್ರೆಯ ಬಸ್ಸಿನ ಉದಾಹರಣೆ

ಸಲಕರಣೆಯ ಗುಣ ತಿಳಿಯಲು ಒಂದು ಸಣ್ಣ ತಂತ್ರಾಂಶವನ್ನು ಊಹಿಸಿಕೊಳ್ಳೋಣ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಬೆಟ್ಟಕ್ಕೆ ಹೋಗುವ ಬಸ್ಸುಗಳ ವೇಳೆಯನ್ನು ಮೊಬೈಲಿನಲ್ಲಿ ತೋರಿಸುವ ತಂತ್ರಾಂಶ. ಮೂವರು ಗೆಳೆಯರು. ಒಬ್ಬರು ಪರದೆಯ ವಿನ್ಯಾಸ ನೋಡಿಕೊಳ್ಳುತ್ತಾರೆ, ಒಬ್ಬರು ವೇಳಾಪಟ್ಟಿಯ ಕಡತ, ಮತ್ತೊಬ್ಬರು ಪರೀಕ್ಷೆ.

ಮೂವರೂ ಒಂದೇ ಭಂಡಾರವನ್ನು ಕ್ಲೋನ್ ಮಾಡಿಕೊಂಡು ತಮ್ಮ ತಮ್ಮ ಬ್ರಾಂಚ್‌ನಲ್ಲಿ, ಅಂದರೆ ಕವಲಿನಲ್ಲಿ, ಕೆಲಸ ಮಾಡುತ್ತಾರೆ. ಕೆಲಸ ಮುಗಿದಾಗ ಕವಲನ್ನು ಮುಖ್ಯ ಹರಿವಿಗೆ ಸೇರಿಸುವುದು ‘ಮರ್ಜ್’. ಬೇರೆ ಬೇರೆ ಕಡತಗಳನ್ನೋ, ಒಂದೇ ಕಡತದ ದೂರ ದೂರದ ಸಾಲುಗಳನ್ನೋ ಬದಲಿಸಿದ್ದರೆ ಗಿಟ್ ತಾನೇ ಸೇರಿಸಿಬಿಡುತ್ತದೆ. ಆದರೆ ತಾಳಬೆಟ್ಟದ ಬೆಳಗಿನ ಬಸ್ಸನ್ನು ಒಬ್ಬರು 6.15 ಎಂದೂ ಇನ್ನೊಬ್ಬರು 6.30 ಎಂದೂ ತಿದ್ದಿದ್ದರೆ? ಗಿಟ್ ಯಾವುದು ಸರಿ ಎಂದು ಊಹಿಸಲು ಹೋಗುವುದಿಲ್ಲ. ಏಳು ಬಾಣಗುರುತುಗಳ ಗೆರೆ ಹಾಕಿ, ಎರಡೂ ಪಾಠಗಳನ್ನು ಒಂದರ ಕೆಳಗೊಂದು ಇಟ್ಟು, ಕೆಲಸ ನಿಲ್ಲಿಸಿ ಕಾಯುತ್ತದೆ. ಇದೇ ‘ಮರ್ಜ್ ಕಾನ್‌ಫ್ಲಿಕ್ಟ್’. ಹೊಸಬರು ಇದನ್ನು ಕಂಡು ಬೆದರುತ್ತಾರೆ, ಏನೋ ಕೆಟ್ಟಿತೆಂದು ಭಂಡಾರವನ್ನೇ ಅಳಿಸಿ ಮತ್ತೆ ಕ್ಲೋನ್ ಮಾಡುವವರೂ ಉಂಟು. ಕೆಟ್ಟದ್ದೇನೂ ಇಲ್ಲ. ಇಬ್ಬರು ಕೂತು ಮಾತನಾಡಬೇಕಾದ ಜಾಗ ಇದು ಎಂದು ಸಲಕರಣೆ ಬೆರಳಿಟ್ಟು ತೋರಿಸಿದೆ. ಬಸ್ ನಿಲ್ದಾಣಕ್ಕೆ ಹೋಗಿ ಕೇಳಿಕೊಂಡು ಬಂದು, ಸರಿಯಾದ ಸಾಲನ್ನು ಉಳಿಸಿ, ಗುರುತುಗಳನ್ನು ತೆಗೆದು, ಕಮಿಟ್ ಮಾಡಿದರೆ ಮುಗಿಯಿತು.

ಕಮಿಟ್‌ನ ಜೊತೆಗೆ ಬರೆಯುವ ಟಿಪ್ಪಣಿಗೆ ಹೆಚ್ಚಿನವರು ಬೆಲೆ ಕೊಡುವುದಿಲ್ಲ. ‘ಬದಲಾವಣೆ’, ‘ಸರಿಪಡಿಸಿದೆ’ ಎಂದು ಬರೆದು ಮುಗಿಸುತ್ತಾರೆ. ಏನು ಬದಲಾಯಿತು ಎಂಬುದನ್ನು ಡಿಫ್ ಹೇಗೂ ತೋರಿಸುತ್ತದೆ. ಏಕೆ ಬದಲಾಯಿತು ಎಂಬುದು ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ. ‘ಅಮಾವಾಸ್ಯೆಯ ದಿನ ಹೆಚ್ಚುವರಿ ಬಸ್ಸುಗಳಿರುವುದರಿಂದ ಪಟ್ಟಿಯನ್ನು ಎರಡು ಮಾಡಿದೆ’ ಎಂದು ಬರೆದರೆ ಎರಡು ವರ್ಷದ ನಂತರ ಬಂದವರಿಗೆ ದಾರಿ ಕಾಣುತ್ತದೆ. ಕನ್ನಡದಲ್ಲೇ ಬರೆಯಬಹುದೇ ಎಂದು ಕೇಳುವವರುಂಟು. ಓದುವ ತಂಡಕ್ಕೆ ಕನ್ನಡ ಬರುವುದಾದರೆ ಧಾರಾಳವಾಗಿ ಬರೆಯಬಹುದು, ಗಿಟ್‌ಗೆ ಅಡ್ಡಿಯಿಲ್ಲ. ಅರ್ಥವಾಗದ ಇಂಗ್ಲಿಷಿಗಿಂತ ಅರ್ಥವಾಗುವ ಕನ್ನಡ ಮೇಲು.

ಮರ್ಜ್‌ಗೆ ಮೊದಲು ಬರೆದವರಲ್ಲದೆ ಇನ್ನೊಬ್ಬರು ಸಂಕೇತವನ್ನು ಓದುವ ಕ್ರಮಕ್ಕೆ ‘ಕೋಡ್ ರಿವ್ಯೂ’ ಎನ್ನುತ್ತಾರೆ. ಬೆಟ್ಟದ ಹುಂಡಿ ಎಣಿಕೆ ಹಲವರ ಕಣ್ಣೆದುರು ನಡೆಯುವುದು ಎಣಿಸುವವರ ಮೇಲಿನ ಅಪನಂಬಿಕೆಯಿಂದಲ್ಲ. ಕೋಟಿ ದಾಟುವ ಲೆಕ್ಕದಲ್ಲಿ ಒಬ್ಬರ ಕಣ್ಣು ಸಾಲದು ಎಂಬ ತಿಳಿವಳಿಕೆಯಿಂದ. ಇಲ್ಲಿಯೂ ಹಾಗೆಯೇ. ನಮ್ಮಲ್ಲಿ ಹಿರಿಯರು ಬರೆದದ್ದರಲ್ಲಿ ಕಿರಿಯರು ತಪ್ಪು ತೋರಿಸುವ ರೂಢಿ ಕಡಿಮೆ. ಈ ಸಂಕೋಚ ತಂಡಕ್ಕೆ ದುಬಾರಿ. ‘ಈ ಸಾಲು ನನಗೆ ಅರ್ಥವಾಗಲಿಲ್ಲ ಸಾರ್’ ಎಂದು ಬರೆಯುವುದೂ ಒಂದು ಒಳ್ಳೆಯ ರಿವ್ಯೂ.

ಕನ್ನಡದ ಕೆಲವು ತೊಡಕುಗಳು

ಗಿಟ್ ಬಳಸಿ ಕನ್ನಡದಲ್ಲಿ ಕಡತಗಳಿಗೆ ಹೆಸರಿಟ್ಟವರು ಒಮ್ಮೆಯಾದರೂ ಬೆಚ್ಚಿದ್ದಾರೆ. ‘ಸ್ಟೇಟಸ್’ ಆಜ್ಞೆ ಕೊಟ್ಟರೆ ‘ವೇಳಾಪಟ್ಟಿ’ ಎಂಬ ಹೆಸರಿನ ಬದಲು 340, 262, 263 ಎಂದು ಪದೇ ಪದೇ ಬರುವ ಅಂಕಿಗಳ ಸರಮಾಲೆ ಕಾಣುತ್ತದೆ. ಕಡತ ಕೆಟ್ಟಿಲ್ಲ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಅವನ್ನು ಗಿಟ್ ಅಷ್ಟಮಾನ ಪದ್ಧತಿಯ ಅಂಕಿಗಳಲ್ಲಿ ತೋರಿಸುತ್ತಿದೆ. ‘ಕೋರ್.ಕೋಟ್‌ಪಾತ್’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಒಂದೇ ಸಾಲಿನ ಪರಿಹಾರ, ಆದರೆ ಗೊತ್ತಿಲ್ಲದವರು ಕನ್ನಡದ ಹೆಸರೇ ಬೇಡವೆಂದು ಬಿಟ್ಟುಬಿಡುತ್ತಾರೆ.

ಕನ್ನಡದ ಮುಕ್ತ ತಂತ್ರಾಂಶವೂ ಇವೇ ಸಲಕರಣೆಗಳ ಮೇಲೆ ನಡೆದಿದೆ. ಗ್ನೋಮ್ ಡೆಸ್ಕ್‌ಟಾಪ್‌ನ ಕನ್ನಡ ಅನುವಾದದ ಕಡತಗಳು ಅದರ ಸಂಕೇತದ ಜೊತೆಗೇ ಸಿವಿಎಸ್‌ನಿಂದ ಸಬ್‌ವರ್ಷನ್‌ಗೆ, 2009ರಲ್ಲಿ ಗಿಟ್‌ಗೆ ಸಾಗಿಬಂದವು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳ ಆಕರಗಳೂ ಸಾರ್ವಜನಿಕ ಭಂಡಾರದಲ್ಲಿವೆ. ಒಬ್ಬ ಸ್ವಯಂಸೇವಕ ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳಲು ಸಾಧ್ಯವಾಗುವುದು ಇತಿಹಾಸ ಹೀಗೆ ತೆರೆದಿದ್ದಾಗ. ಬರೆದವರ ಯಂತ್ರದಲ್ಲೇ ಉಳಿದ ಕನ್ನಡ ತಂತ್ರಾಂಶ ಆ ಯಂತ್ರದೊಡನೆ ಹೋಗುತ್ತದೆ.

ದೋಷ ವರದಿ ಬರೆಯುವ ವಿದ್ಯೆಗೂ ಕನ್ನಡದಿಂದಲೇ ಒಂದು ಉದಾಹರಣೆ ಕೊಡಬಹುದು. ಮೊಝಿಲ್ಲಾ ಬಳಗ 1998ರಲ್ಲಿ ತೆರೆದಿಟ್ಟ ಬಗ್‌ಜಿಲ್ಲಾದಿಂದ ಇಂದಿನವರೆಗೆ ದೋಷಗಳ ದಾಖಲೆ ಪುಸ್ತಕಗಳು ಹಲವಾರು ಬಂದಿವೆ. ಅವಕ್ಕೆಲ್ಲ ಬೇಕಾದದ್ದು ಮೂರೇ: ಏನು ಮಾಡಿದಿರಿ, ಏನು ಆಗಬೇಕಿತ್ತು, ಏನಾಯಿತು. ‘ಕನ್ನಡ ಸರಿಯಾಗಿ ಮೂಡುತ್ತಿಲ್ಲ’ ಎಂಬ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ‘ರ್‍ಯಾಂಕ್ ಎಂದು ಬರೆದೆ, ರಕಾರ ಮುಂದೆ ನಿಂತು ಯಕಾರ ಒತ್ತಾಗಬೇಕಿತ್ತು, ಬದಲಿಗೆ ಯಕಾರದ ಪಕ್ಕ ಅರ್ಕಾವತ್ತು ಬಂತು, ಫಾಂಟ್ ಇದು, ಅದರ ಆವೃತ್ತಿ ಇದು’ ಎಂದು ಬರೆದರೆ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಯನ್ನು ಫಾಂಟ್ ಲೆಕ್ಕಕ್ಕೆ ತೆಗೆದುಕೊಂಡಿದೆಯೇ ಎಂದು ನೋಡಬೇಕಾದ ಜಾಗ ತಜ್ಞರಿಗೆ ತಕ್ಷಣ ಹೊಳೆಯುತ್ತದೆ. ಸಂಕೇತ ಬರೆಯಲು ಬಾರದವರೂ ಕನ್ನಡ ತಂತ್ರಾಂಶಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಇಂಥ ವರದಿ.

ಉಳಿದ ಸಲಕರಣೆಗಳು

ಪ್ರತಿ ಬದಲಾವಣೆಯ ನಂತರ ತಾನಾಗಿ ಪರೀಕ್ಷೆ ನಡೆಸಿ ಫಲಿತಾಂಶ ತಿಳಿಸುವ ಜೆಂಕಿನ್ಸ್‌ನಂಥ ವ್ಯವಸ್ಥೆಗಳಿವೆ; ಇದು ಹಡ್ಸನ್ ಎಂಬ ಹೆಸರಿನಲ್ಲಿದ್ದು 2011ರಲ್ಲಿ ಈಗಿನ ಹೆಸರು ಪಡೆಯಿತು. ಪರೀಕ್ಷೆಗಳಿದ್ದರೆ ಗಿಟ್‌ನ ‘ಬೈಸೆಕ್ಟ್’ ಆಜ್ಞೆ ಬಹಳ ಚುರುಕು. ದೋಷ ಹುಟ್ಟಿದ ಕಮಿಟ್ ಯಾವುದೆಂದು ಅದು ಪ್ರತಿ ಸಲ ಅರ್ಧರ್ಧ ಕತ್ತರಿಸುತ್ತ ಹುಡುಕುತ್ತದೆ. 1,000 ಕಮಿಟ್‌ಗಳ ರಾಶಿಯಲ್ಲೂ ಸುಮಾರು 10 ಪರೀಕ್ಷೆಗಳಲ್ಲಿ ಅಪರಾಧಿ ಸಿಕ್ಕಿಬೀಳುತ್ತಾನೆ.

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಕಾಣಿಸಿಕೊಂಡ ಮೇಲೆ ಸಂಕೇತವನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ, ಇನ್ನು ಇದನ್ನೆಲ್ಲ ಕಲಿಯುವುದೇಕೆ ಎಂಬ ಪ್ರಶ್ನೆ ಈಗ ಕೇಳಿಬರುತ್ತಿದೆ. ಈ ಲೇಖಕನ ಅಭಿಪ್ರಾಯದಲ್ಲಿ ಅಗತ್ಯ ಹೆಚ್ಚಾಗಿದೆ. ಯಂತ್ರ ಒಂದು ನಿಮಿಷದಲ್ಲಿ ಐನೂರು ಸಾಲು ಕೊಟ್ಟರೆ, ಅದನ್ನು ಓದಿ, ಸಣ್ಣ ಸಣ್ಣ ಕಮಿಟ್‌ಗಳಾಗಿ ಒಡೆದು, ಪರೀಕ್ಷಿಸಿ, ಕೆಟ್ಟರೆ ಹಿಂದಕ್ಕೆ ಹೋಗಬಲ್ಲವರಿಗೆ ಅದು ನೆರವು. ಹಾಗೆ ಮಾಡಲಾರದವರಿಗೆ ಅದು ಹಣ ಕೊಟ್ಟು ತಂದ ಸಿದ್ಧ ಪ್ರಾಜೆಕ್ಟಿನ ಹೊಸ ರೂಪ.

ಒಂದು ಎಚ್ಚರಿಕೆ. ಗುಪ್ತಪದ, ದತ್ತಾಂಶ ಸರ್ವರಿನ ಕೀಲಿ, ಜನರ ಆಧಾರ್ ಸಂಖ್ಯೆ ಇರುವ ಕಡತವನ್ನು ಭಂಡಾರಕ್ಕೆ ಸೇರಿಸಲೇಬಾರದು. ಮರುದಿನ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತದೆ. ಮರೆಯದಿರುವುದೇ ಗಿಟ್‌ನ ಗುಣ, ಇಲ್ಲಿ ಅದೇ ದೋಷವಾಗುತ್ತದೆ. ಸಾರ್ವಜನಿಕ ಭಂಡಾರಕ್ಕೆ ಒಮ್ಮೆ ಪುಶ್ ಆದ ಗುಪ್ತಪದವನ್ನು ಅಳಿಸುವುದಕ್ಕಿಂತ ಮೊದಲು ಬದಲಿಸಬೇಕು.

ಕಲಿಯುವವರಿಗೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2022ರ ಪಠ್ಯಕ್ರಮದಲ್ಲಿ ಗಣಕ ವಿಜ್ಞಾನದ ಮೂರನೇ ಸೆಮಿಸ್ಟರಿನ ಆಯ್ಕೆಯ ವಿಷಯಗಳಲ್ಲಿ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಪ್ರಾಯೋಗಿಕ ವಿಷಯವನ್ನು ಸೇರಿಸಿದೆ. 2007ರಲ್ಲಿ ಆರಂಭವಾದ ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕ್ರಮ ಸ್ವಾಗತಾರ್ಹ. ಆದರೆ ಬ್ರಾಂಚ್, ಸ್ಟ್ಯಾಶ್, ಚೆರ್ರಿ-ಪಿಕ್ ಎಂದು ಆಜ್ಞೆಗಳನ್ನು ಒಂದೊಂದಾಗಿ ಒಬ್ಬರೇ ಮಾಡಿ ರೆಕಾರ್ಡ್ ಬರೆದರೆ ಹಳೆಯ ಒಂಟಿ ಕಲಿಕೆಯೇ ಮುಂದುವರಿಯುತ್ತದೆ. ತಂಡದ ಸಲಕರಣೆಯ ರುಚಿ ಹತ್ತುವುದು ಇಬ್ಬರ ಬದಲಾವಣೆಗಳು ಡಿಕ್ಕಿ ಹೊಡೆದಾಗ. ಮೇಷ್ಟ್ರು ಬೇಕೆಂದೇ ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಸಾಲನ್ನು ತಿದ್ದಲು ಹೇಳಿದರೆ ಆ ದಿನದ ಪಾಠ ಸಾರ್ಥಕ.

ಪದವಿ ಕಾಲೇಜಿನ ಬಿಸಿಎ, ಬಿಎಸ್‌ಸಿ ವಿದ್ಯಾರ್ಥಿಗಳು ಪಠ್ಯಕ್ರಮಕ್ಕೆ ಕಾಯಬೇಕಾಗಿಲ್ಲ. ಗಿಟ್ ಉಚಿತ; ಹಳೆಯ, ನಿಧಾನದ ಯಂತ್ರದಲ್ಲೂ ನಡೆಯುತ್ತದೆ. ದುಬಾರಿ ಪ್ರಮಾಣಪತ್ರದ ತರಬೇತಿಗಿಂತ ಇಬ್ಬರು ಗೆಳೆಯರು ಮತ್ತು ಆರು ಆಜ್ಞೆಗಳು ಮೊದಲ ತಿಂಗಳಿಗೆ ಸಾಕು: ಕ್ಲೋನ್, ಆ್ಯಡ್, ಕಮಿಟ್, ಪುಲ್, ಪುಶ್, ಲಾಗ್. ಎರಡನೇ ತಿಂಗಳು ಬ್ರಾಂಚ್ ಮತ್ತು ಮರ್ಜ್. ಇಬ್ಬರಲ್ಲಿ ಒಬ್ಬರ ಮನೆ ಮಲೆಯ ಒಳಗಿದ್ದು ಅಲ್ಲಿ ಜಾಲ ಸಿಗದಿದ್ದರೆ, ಬಂಡಲ್ ಆಜ್ಞೆಯನ್ನು ಏಳನೆಯದಾಗಿ ಸೇರಿಸಿಕೊಂಡು ಸೋಮವಾರದ ಬೆಳಗಿನ ಬಸ್ಸಿಗೆ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಬರಲಿ.